ಅವತ್ತು ರೊಟ್ಟಿ ಬಡಿದವರು ಯಾರು

ದೆವ್ವ ಭೂತಗಳನ್ನು ನಾನು ನಂಬುತ್ತಿರಲಿಲ್ಲ. ನಂಬದೆ ಇರುವುದಕ್ಕೇ ನನಗೆ ಸಂಬಳ ಬರುತ್ತಿತ್ತು ಎಂದರೂ ತಪ್ಪಿಲ್ಲ. ಮ್ಯಾಂಚೆಸ್ಟರಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಭಯದ ಸಾಹಿತ್ಯ ಪಾಠ ಮಾಡುತ್ತೇನೆ. ಹಳೆಯ ಗೋಥಿಕ್ ಕಾದಂಬರಿಗಳಿಗೆ ಪಾಳುಬಿದ್ದ ಕೋಟೆ, ಬೀಗ ಹಾಕಿದ ಕೋಣೆ, ಸತ್ತವರ ನೆರಳು ಎಲ್ಲ ಬೇಕಿತ್ತು. ಆಧುನಿಕೋತ್ತರ ಲೇಖಕರಿಗೆ ಅವೇನೂ ಬೇಡ. ಮಾತಾಡುತ್ತಿರುವವರು ಯಾರೆಂಬುದೇ ಓದುವವನಿಗೆ ತಿಳಿಯದಂತೆ ಮಾಡಿದರೆ ಸಾಕು, ಅವನ ಕೈಕಾಲು ತಣ್ಣಗಾಗುತ್ತವೆ. ಇದನ್ನು ತರಗತಿಯಲ್ಲಿ ಬಲು ಜಂಬದಿಂದ ಹೇಳುತ್ತಿದ್ದೆ. ಭಯವೆಲ್ಲ ಭಾಷೆಯ ಕೈಚಳಕ, ಪುಸ್ತಕ ಮುಚ್ಚಿದರೆ ಮುಗಿಯಿತು ಅಂತಲೂ ಸೇರಿಸುತ್ತಿದ್ದೆ. ಈಗಲೂ ಅದೇ ಪಾಠ ಮಾಡುತ್ತೇನೆ, ಆ ಕೊನೆಯ ಮಾತನ್ನು ಬಿಟ್ಟು.

ನಮ್ಮ ಮನೆ ಇರುವುದು ಅದೇ ಊರಿನ ಡಿಡ್ಸ್‌ಬರಿ ಬಡಾವಣೆಯಲ್ಲಿ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಡ್ಯೂಟಿ ಪಟ್ಟಿ ಕೈಬಿಟ್ಟ ದಿನ ಮಾತ್ರ ಮನೆಗೆ ಸಿಗುವವನು. ಒಬ್ಬಳೇ ಮಗಳು, ಆಗ ಅವಳಿಗೆ ಎಂಟು ವರ್ಷ. ಇಲ್ಲಿ ಹುಟ್ಟಿದ ಬಹಳ ಮಕ್ಕಳಂತೆ ಅವಳಿಗೂ ಕನ್ನಡ ತಿಳಿಯುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. "ಹಲ್ಲ ತಿಕ್ಕೊಂಡಿಯೇನ?" ಅಂದರೆ "ಯೆಸ್ ಮಮ್ಮಿ" ಅನ್ನುವಳು. ಧಾರವಾಡದಿಂದ ನನ್ನ ಅವ್ವ ವಿಡಿಯೊ ಕಾಲ್ ಮಾಡಿ ಏನೆಲ್ಲ ಕೇಳಿದರೂ "ಫೈನ್, ಅಜ್ಜಿ" ಅಷ್ಟೇ. ನಾನು ಗದರಿಸಿದೆ, ಪೂಸಿ ಹೊಡೆದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ. ಮಗಳ ಬಾಯಿಂದ ಒಂದು ಪೂರ್ತಿ ಕನ್ನಡ ಮಾತು ಕೇಳಬೇಕೆಂಬುದು ನನಗೆ ಹಸಿವಿನಂತೆ ಹತ್ತಿಕೊಂಡಿತ್ತು. ಅವ್ವನಿಗೂ ಅದೇ ಆಸೆ. ಅದು ತೀರುವ ಮೊದಲೇ ಅವಳು ತೀರಿಕೊಂಡಳು.

ಅವ್ವ ಹೋಗಿ ವರ್ಷ ತುಂಬಿದ ದಿನ, ಚಳಿಗಾಲದ ಒಂದು ಶನಿವಾರ. ಗಂಡ ಡ್ಯೂಟಿಯಲ್ಲಿದ್ದ. ಅವ್ವನ ಫೋಟೊ ಮುಂದೆ ಎಡೆ ಇಡಲು ಮಧ್ಯಾಹ್ನ ಎಣ್ಣೆಗಾಯಿ ಮಾಡಿ, ಜೋಳದ ರೊಟ್ಟಿಗೆ ಕೈ ಹಾಕಿದೆ. ರೊಟ್ಟಿ ನನಗೆ ಎಂದೂ ಒಲಿದದ್ದಿಲ್ಲ. ಅಂಗಡಿಯ ಹಿಟ್ಟು ಯಾವ ಕಾಲದ್ದೋ, ಬಡಿಯುತ್ತಿದ್ದಂತೆ ಅಂಚು ಬಿರಿದು, ಎತ್ತಿದರೆ ಹರಿದು ಕೈಗೆ ಬರುತ್ತಿತ್ತು. ಇನ್ನೊಂದೂ ಹರಿದಾಗ ಅಳು ಬಂತು. ಅಳು ರೊಟ್ಟಿಗಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ಮಗಳು ನನ್ನ ಬೆನ್ನ ಹಿಂದೆ ಟೇಬಲ್ಲಿನ ಮುಂದೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಎಸರು ಕುದ್ದಿಲ್ಲ ತಂಗೆವ್ವ. ಹಿಟ್ಟಿಗೆ ಜಿಗಿ ಹೆಂಗ ಬರ್ತೈತಿ? ಸರಿ ಅತ್ತಾಗ."

ಧ್ವನಿ ಮಗಳದೇ. ಮಾತು ಅವಳದಲ್ಲ. ನನ್ನನ್ನು ತಂಗೆವ್ವ ಎಂದು ಕರೆಯುತ್ತಿದ್ದವಳು ಅವ್ವ ಒಬ್ಬಳೇ, ಅದೂ ನಾನು ಚಿಕ್ಕವಳಿದ್ದಾಗ. ನಾನು ತಿರುಗಿ ನೋಡುವಷ್ಟರಲ್ಲಿ ಮಗಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಹತ್ತಿ ನಿಂತಿದ್ದಳು. ಕೆಟಲಿನಲ್ಲಿ ನೀರು ಮತ್ತೆ ಕುದಿಸಿ, ಹಿಟ್ಟಿಗೆ ಸುರಿದು, ಚಮಚದಿಂದ ಕಲಸಿ, ಅಂಗೈ ಬುಡದಿಂದ ನಾದಿದಳು. ನಾನು ತಡೆಯಲಿಲ್ಲ. ಒಂದು ಕ್ಷಣ ನನಗೆ ಸಂತೋಷವೇ ಆಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಬಲಗೈಯಿಂದ ಬಡಿಯುತ್ತ ಎಡಗೈಯಿಂದ ತಿರುಗಿಸುತ್ತ ಹೋದಳು, ರೊಟ್ಟಿ ಒಂದೇ ಒಂದು ಸೀಳಿಲ್ಲದೆ ಅಗಲವಾಯಿತು. ಆಟದ ಮಣ್ಣು ಬಿಟ್ಟು ಬೇರೆ ಏನನ್ನೂ ನಾದಿ ಗೊತ್ತಿಲ್ಲದ ಹುಡುಗಿ ಅದು.

"ಇಲ್ಲೆ ಭಾಳ ಥಂಡಿ ಐತಿ," ಅಂದಳು ಬಡಿಯುತ್ತಲೇ. "ಈ ಕೂಸಿಗೆ ಕಾಲಚೀಲ ಹಾಕವಾ."

ಈ ಕೂಸಿಗೆ! ಇಲ್ಲಿ ನಿಂತಿರುವುದು ಅವ್ವನಾದರೆ ನನ್ನ ಮಗಳು ಎಲ್ಲಿ? ಬೇರೆ ಏನೂ ಹೊಳೆಯಲಿಲ್ಲ. ಅವಳ ಎರಡೂ ಕೈ ಹಿಡಿದು ರೊಟ್ಟಿಯಿಂದ ಎಳೆದು ಕಿರುಚಿದೆ. "ಸ್ಟಾಪ್ ಇಟ್! ಸ್ಪೀಕ್ ಇಂಗ್ಲಿಷ್!"

ಮಗಳು ಬೆಚ್ಚಿಬಿದ್ದು, ಹಿಟ್ಟು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡು ಅತ್ತಳು. "ಮಮ್ಮಿ, ಯು ಆರ್ ಹರ್ಟಿಂಗ್ ಮೀ." ಹೌದು, ಇವಳು ನನ್ನ ಮಗಳೇ. ಎದೆಗವಚಿಕೊಂಡು "ಅಂಜಬ್ಯಾಡ ಪುಟ್ಟಿ, ಏನೂ ಆಗಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿ "ವಾಟ್?" ಅಂದಳು. ಮತ್ತೆ ಹೇಳಿದೆ. ಮತ್ತೆ ಅದೇ ಉತ್ತರ. ಆ ರೊಟ್ಟಿಯನ್ನು ನಾನು ಬೇಯಿಸಲೂ ಇಲ್ಲ, ಅವ್ವನಿಗೆ ಎಡೆ ಇಡಲೂ ಇಲ್ಲ.

ಅವತ್ತಿನಿಂದ ನನ್ನ ಮಗಳಿಗೆ ಕನ್ನಡ ತಿಳಿಯುವುದಿಲ್ಲ. ಇಲ್ಲಿನ ಕುಟುಂಬ ವೈದ್ಯರ ಹತ್ತಿರ ಹೋದೆವು, ಕಿವಿ ಪರೀಕ್ಷೆ ಮಾಡಿಸಿದೆವು, ಯಾವ ದೋಷವೂ ಸಿಗಲಿಲ್ಲ. "ಅಜ್ಜಿ ರೊಟ್ಟಿ ಮಾಡೋದನ್ನ ವಿಡಿಯೊದಾಗ ನೋಡಿರ್ತಾಳ, ನೆನಪಿಟ್ಟಿರ್ತಾಳ. ನೀ ಚೀರಿದಿ, ಕೂಸು ಅಂಜೇತಿ," ಅಂದ ಗಂಡ. ಇರಬಹುದು. ಅವನ ಮಾತನ್ನು ನಂಬಲು ನಾನು ಮಾಡದ ಪ್ರಯತ್ನವಿಲ್ಲ. ಬಂದವಳು ಅವ್ವನೇ ಆಗಿದ್ದರೆ, ಮೊಮ್ಮಗಳಿಗೆ ತಿಳಿಯುತ್ತಿದ್ದಷ್ಟು ಕನ್ನಡವನ್ನೂ ಯಾಕೆ ಒಯ್ದಳು? ಅವ್ವನಲ್ಲದಿದ್ದರೆ ತಂಗೆವ್ವ ಎಂಬ ಆ ಹೆಸರು ಅವಳಿಗೆ ಯಾರು ಹೇಳಿಕೊಟ್ಟರು?

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ಎಲ್ಲ ಇಂಗ್ಲಿಷೇ. ಮೊನ್ನೆ ಟ್ರಾಮ್ ಹಿಡಿಯಲು ಬರಿಗಾಲಿಗೇ ಶೂ ಏರಿಸಿ ಹೊರಟವಳಿಗೆ ಮೈಮರೆತು "ಥಂಡಿ ಐತಿ, ಕಾಲಚೀಲ ಹಾಕ್ಕೊಳವಾ" ಅಂದುಬಿಟ್ಟೆ. ಅವಳು ಹೆಡ್‌ಫೋನ್ ತೆಗೆದು, ಗುರುತಿಲ್ಲದವರೊಡನೆ ಮಾತಾಡುವಷ್ಟು ವಿನಯದಿಂದ, "ಸಾರಿ, ವಾಟ್ ಡಸ್ ದಟ್ ಮೀನ್?" ಎಂದು ಕೇಳಿದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ.