ಕೈ ಇಟ್ಟರೆ ಸುಮ್ಮನಾಗುವ ಪೆಟ್ಟಿಗೆ

ಈಗ ತಾನೇ ಮತ್ತೆ ಶುರುವಾಯಿತು. ನಾನು ನಡುಮನೆಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದೇನೆ. ಮೂಲೆಯ ಮೇಜಿನ ಮೇಲೆ ಸೊಸೆಯ ಕಂಪ್ಯೂಟರ್ ಇದೆ, ಅದರ ಮುಂದೆ ಯಾರೂ ಇಲ್ಲ. ಆದರೂ ಒಳಗಿನಿಂದ ಕರಕರ ಸದ್ದು. ನಿಮ್ಮ ಮನೆಯಲ್ಲೂ ಬರುತ್ತಿರಬಹುದು, ಟೀವಿ ಗಲಾಟೆಯಲ್ಲಿ ನಿಮಗೆ ಕೇಳಿಸಿರುವುದಿಲ್ಲ. ನನಗೆ ಕೇಳಿಸುತ್ತದೆ, ಏಕೆಂದರೆ ಇದು ರೇಷ್ಮೆಹುಳು ಸಾಕಿದ ಕಿವಿ. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಮಳೆ ಬಿದ್ದಂತೆ ಸದ್ದು ಬರುತ್ತದೆ. ಒಂದು ತಟ್ಟೆಯಲ್ಲಿ ಆ ಸದ್ದು ತಗ್ಗಿದರೂ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ನನಗೆ ತಿಳಿಯುತ್ತಿತ್ತು. ಬೇರೆ ವಿದ್ಯೆ ನನ್ನಲ್ಲಿಲ್ಲ. ಸ್ಕೂಲನ್ನು ಮೂರನೇ ಕ್ಲಾಸಿಗೇ ಬಿಟ್ಟೆ.

ಹೋದ ವರ್ಷ ಈ ಸದ್ದು ಮೊದಲು ಶುರುವಾದಾಗ ಮನೆಯಲ್ಲಿ ದೊಡ್ಡ ರಾದ್ಧಾಂತ. ಸೊಸೆ ಶೋಭಾ ಇಲ್ಲೇ ಪಕ್ಕದ ಕೊಪ್ಪದಲ್ಲಿ ಟೀಚರು, ಪ್ರಶ್ನೆಪತ್ರಿಕೆಗಳನ್ನೆಲ್ಲ ಇದರಲ್ಲೇ ಬರೆಯುತ್ತಾಳೆ. ಯಾರೂ ಮುಟ್ಟದಿದ್ದರೂ ಸದ್ದು, ಮಿಣಮಿಣ ದೀಪ. ಮದ್ದೂರಿನಿಂದ ರಿಪೇರಿಯ ನಾಗರಾಜನನ್ನು ಕರೆಸಿದಳು. ಅವನು ಎರಡು ಸಲ ಪೆಟ್ಟಿಗೆ ತಟ್ಟಿ ನೋಡಿ, "ಒಳಗಿರೋ ಡಿಸ್ಕು ಓಯ್ತಾ ಅದೆ ಕಣಕ್ಕ. ಇಲ್ಲಾಂದ್ರೆ ವೈರಸ್ಸು. ಸೋಮವಾರ ಬತ್ತೀನಿ, ಎಲ್ಲಾ ಅಳಿಸಿ ಒಸದಾಗಿ ಆಕ್ಕೊಡ್ತೀನಿ" ಎಂದ.

"ಅದ್ರೊಳಗಿರೋ ಫೋಟೋಗಳು?" ಎಂದೆ ನಾನು.

"ತೆಗ್ಯಕ್ಕೆ ನೋಡ್ತೀನಿ ಅಜ್ಜಿ. ಬಂದಷ್ಟು ಬತ್ತವೆ."

"ಬಂದಷ್ಟು ಅಂದ್ರೆ ಏನ್ಲಾ? ಏಳು ಜನದಲ್ಲಿ ಆರು ಜನ ಬಂದು ನಮ್ಮವ್ವ ಒಬ್ಳು ಒಂಟೋದ್ರೆ?"

ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು, ಹೇಳುತ್ತೇನೆ.

ಅವ್ವ ಸತ್ತಾಗ ನನಗೆ ಎಂಟು ತಿಂಗಳು. ಅಪ್ಪ ಆಗ ಬ್ಲಫ್ ಎಂಬಲ್ಲಿ, ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಮನೆಯಲ್ಲಿ ಕೂಲಿಗಿದ್ದ. ಅಲ್ಲಿಯ ಸಾಹೇಬರೊಬ್ಬರು ಕೂಲಿಯವರ ಹೆಂಡಿರನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದರಂತೆ. ಏಳು ಹೆಂಗಸರು. ಅವ್ವನದು ಎಂದು ಇರುವುದು ಅದೊಂದೇ. ಹುಡುಗಿಯಾಗಿದ್ದಾಗ ಅಪ್ಪನನ್ನು ಕೇಳಿದೆ, ಇದರಲ್ಲಿ ನಮ್ಮವ್ವ ಯಾರು ಎಂದು. ಅವನು ಎರಡನೆಯದಾಗಿ ಕಟ್ಟಿಕೊಂಡ ಚಿಕ್ಕವ್ವ ಒಲೆಯ ಮುಂದೆ ಕೂತಿದ್ದಳು. ಅಪ್ಪ ಅವಳ ಬೆನ್ನನ್ನೊಮ್ಮೆ ನೋಡಿ, "ಅದ್ರಾಗೇ ಅವ್ಳೆ ಬುಡವ್ವ" ಎಂದ. ನಾನು ಮತ್ತೆ ಕೇಳಲಿಲ್ಲ. ಇನ್ನು ಕೇಳಬಹುದು ಎನ್ನುವಷ್ಟು ಧೈರ್ಯ ಬರುವ ಹೊತ್ತಿಗೆ ಗೊತ್ತಿದ್ದವರೆಲ್ಲ ಸತ್ತಿದ್ದರು.

ಹೀಗಾಗಿ ಪಿತೃಪಕ್ಷದಲ್ಲಿ ಆ ಫೋಟೋದ ಗಾಜಿನ ಮೇಲೆ ಏಳೂ ಜನಕ್ಕೆ ಕುಂಕುಮ ಇಟ್ಟು ಎಡೆ ಇಡುತ್ತಿದ್ದೆ. ಆರು ಜನ ಯಾರ ಮನೆಯವರೋ ಏನೋ, ವರ್ಷಾ ವರ್ಷಾ ನಮ್ಮನೆಯ ವಡೆ ತಿಂದರು. ಒಳಗೊಳಗೇ ಒಬ್ಬಳನ್ನು ಆರಿಸಿಕೊಂಡೂ ಇದ್ದೆ. ನಡುವೆ ನಿಂತ, ನೀಳ ಮೂಗಿನ, ಜುಮುಕಿ ಹಾಕಿದವಳು. ಅವ್ವನನ್ನು ನಾವೇ ಆರಿಸಿಕೊಳ್ಳುವುದಾದರೆ ಚೆಂದದವಳನ್ನು ಯಾಕೆ ಬಿಡಬೇಕು? ಗೋಡೆಯ ಫೋಟೋ, ಆಲ್ಬಮ್ಮಿನ ಫೋಟೋ ಎಲ್ಲವನ್ನೂ ಶೋಭಾ ಕಂಪ್ಯೂಟರಿಗೆ ಹಾಕಿದಳು. ಆಮೇಲೆ ಗೋಡೆಗೆ ಗೆದ್ದಲು ಹತ್ತಿ ಚೌಕಟ್ಟಿನ ಹಿಂದಿನಿಂದ ಏಳು ಜನರನ್ನೂ ತಿಂದು ಹಾಕಿತು. ಉಳಿದದ್ದು ಈ ಪೆಟ್ಟಿಗೆಯೊಳಗೆ ಇದ್ದದ್ದು ಮಾತ್ರ.

ಶನಿವಾರ ಬೆಳಿಗ್ಗೆಯೇ ಅದರ ಪಕ್ಕ ಹೋಗಿ ಕೂತೆ. ಕರಕರ ಎನ್ನುತ್ತಿತ್ತು. ಮೌಸಿನ ಮೇಲೆ ಕೈ ಇಟ್ಟೆ, ನಿಂತಿತು. ಕೈ ತೆಗೆದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಶುರು ಮಾಡಿತು. ಕೈ ಇಟ್ಟೆ, ನಿಂತಿತು. ಮಧ್ಯಾಹ್ನದವರೆಗೂ ಇದೇ ಆಟ. ಅತ್ತೆ ಬಂದ ಸದ್ದಿಗೆ ಬಾಯಿ ಒರೆಸಿಕೊಳ್ಳುವ ಸೊಸೆಯ ಹಾಗೆ.

ಶೋಭಾ ಸ್ಕೂಲಿನಿಂದ ಬಂದವಳು ನೋಡಿ ನಕ್ಕಳು. "ಏನತ್ತೆ, ಅದೂ ನಿಮ್ಮ ಬೈಗುಳಕ್ಕೆ ಎದ್ರುಕೊಂಡ್‌ಬುಡ್ತಾ?"

"ಲೇ ಶೋಭಾ, ಇದು ಕಾಯ್ಲೆ ಅಲ್ಲ ಕಣವ್ವ. ಮನೇವ್ರು ಬಂದ್ರು, ಒಂಟೋದ್ರು ಅನ್ನೋ ನಾಚ್ಕೆ ಕಾಯ್ಲೆಗಿದ್ದದಾ? ನಾವ್ ಇಲ್ದಾಗ ಇದು ಏನೋ ಕೆಲ್ಸ ಮಾಡ್ತಾ ಅದೆ. ಆ ನಾಗರಾಜಂಗೆ ಫೋನ್ ಮಾಡಿ ತಿಳ್ಸು."

ಫೋನಿನಲ್ಲಿ ನಾಗರಾಜ ಮೊದಲು ನಕ್ಕ, ಆಮೇಲೆ ಒಂದು ದಾರಿ ಹೇಳಿದ. ಒಳಗೆ ಯಾವ್ಯಾವ ಪ್ರೋಗ್ರಾಂ ಕೆಲಸ ಮಾಡುತ್ತಿದೆ ಎಂದು ತೋರಿಸುವ ಪಟ್ಟಿ ಇರುತ್ತದಂತೆ. ಅದನ್ನು ತೆರೆದಿಟ್ಟು ಕೈ ಕಟ್ಟಿಕೊಂಡು ಕೂತಿರಿ ಎಂದ. ಹಾಲು ಉಕ್ಕುವುದನ್ನು ಕಾಯುವವರಂತೆ ಅತ್ತೆ ಸೊಸೆ ಇಬ್ಬರೂ ಕೂತೆವು. ಕರಕರ ಎಂದಿತು. ಪಟ್ಟಿಯ ಕೆಳಗೆಲ್ಲೋ ಇದ್ದ ಒಂದು ಹೆಸರು ಮೇಲೆದ್ದು ಬಂತು.

"ಫೋಟೋ ಇಡೋ ಪ್ರೋಗ್ರಾಂ ಅತ್ತೆ!" ಎಂದು ಶೋಭಾ ಅದನ್ನು ತೆರೆದಳು.

ಅಲ್ಲಿ ಕಂಡದ್ದನ್ನು ನಿಮಗೆ ಹೇಗೆ ಹೇಳಲಿ! ಅದು ನಮ್ಮ ಮನೆಯ ಅಷ್ಟೂ ಫೋಟೋಗಳಿಂದ ಬರೀ ಮುಖಗಳನ್ನು ಬಿಡಿಸಿ, ಒಬ್ಬೊಬ್ಬರದೂ ಒಂದೊಂದು ಗುಡ್ಡೆ ಹಾಕಿತ್ತು. ಬೋಳು ತಲೆಯ ಕೂಸಾಗಿದ್ದ ನನ್ನ ಮಗ, ಮೀಸೆ ಬಿಟ್ಟ ಮಗ, ಇಬ್ಬರೂ ಒಂದೇ ಗುಡ್ಡೆಯಲ್ಲಿ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನೂ ನೆಂಟರವಳೆಂದುಕೊಂಡು ಬೇರೆ ಗುಡ್ಡೆ ಮಾಡಿತ್ತು. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕೇಳಿಲ್ಲ. ನಾವು ಗದ್ದೆಗೋ ಸ್ಕೂಲಿಗೋ ಹೋದಾಗ ಒಂದೇ ಸಮನೆ ನಮ್ಮ ಮುಖಗಳನ್ನು ನೋಡುತ್ತಾ ಕೂತಿತ್ತು. ಹೆತ್ತವರೂ ಮಕ್ಕಳ ಮುಖವನ್ನು ಅಷ್ಟು ಹೊತ್ತು ನೋಡುವುದಿಲ್ಲ.

ಕೊನೆಯಲ್ಲಿ ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟು ಅದೊಂದು ಪ್ರಶ್ನೆ ಕೇಳಿತ್ತು. ಶೋಭಾ ಓದಿ ಹೇಳಿದಳು: "ಇವ್ರಿಬ್ರೂ ಒಬ್ರೇನಾ, ಬೇರೆ ಬೇರೇನಾ ಅಂತ ಕೇಳ್ತಾ ಅದೆ."

ಒಂದು ಮುಖ ನನ್ನದು, ಮದುವೆಯ ದಿನದ್ದು. ಇನ್ನೊಂದು ಆ ಏಳು ಜನರಲ್ಲಿ ಒಬ್ಬಳದು. ನಡುವಿನ ಜುಮುಕಿಯವಳಲ್ಲ, ಸಾಲಿನ ತುದಿಯವಳು. ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ, ಗದ್ದ ಮುಂದೆ ಚಾಚಿ, ಫೋಟೋ ತೆಗೆಯುವವನಿಗೇ ಬೈಯಲು ನಿಂತವಳಂತಿದ್ದಳು. ಇಷ್ಟು ವರ್ಷ ಅವಳನ್ನು ನೋಡಿದಾಗೆಲ್ಲ ಯಾವಳೋ ಜಗಳಗಂಟಿ ಎಂದುಕೊಂಡಿದ್ದೆ. ಶೋಭಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ನಗಲಿಲ್ಲ.

"ಯಾವ್ದು ಒತ್ಲಿ ಅತ್ತೆ?"

"ಬೇರೆ ಅಂತ ಒತ್ತು" ಎಂದೆ. "ಅದು ನಾನಲ್ಲ. ನಮ್ಮವ್ವ."

ಒಂದು ಮುಖಕ್ಕೆ ಬೊಟ್ಟು ಮಾಡಿ ಆ ಮಾತು ಹೇಳಿದ್ದು ಅದೇ ಮೊದಲು. ಯಂತ್ರ ತಪ್ಪಿರಬಹುದು, ಲಕ್ಷ್ಮಿಯನ್ನೂ ನೆಂಟಳು ಅಂದಿರಲಿಲ್ಲವೇ ಎನ್ನುತ್ತಾನೆ ಮಗ. ಇರಬಹುದು. ಆದರೆ ಆ ಗದ್ದ ನನಗೆ ಗೊತ್ತು. ಸೋಮವಾರ ಬರಬೇಡ ಎಂದು ನಾಗರಾಜನಿಗೆ ನಾನೇ ಹೇಳಿದೆ.

ಸುಲಿದ ಕಾಳು ಬಟ್ಟಲು ತುಂಬುತ್ತಾ ಬಂತು, ಸದ್ದು ಇನ್ನೂ ನಿಂತಿಲ್ಲ. ಕಂಪ್ಯೂಟರಿನ ಪರದೆಗೆ ಶೋಭಾ ಆ ಮುಖವನ್ನೇ ಹಾಕಿದ್ದಾಳೆ. ಅದರಲ್ಲಿ ಅವ್ವನಿಗೆ ಇಪ್ಪತ್ತು ತುಂಬಿರಲಾರದು. ನನಗೆ ಎಪ್ಪತ್ತು ದಾಟಿದೆ. ಅವ್ವಾ ಎಂದು ಕರೆಯೋಣ ಎಂದರೆ ಬಾಯಿ ಬರುವುದಿಲ್ಲ. ಅವಳೀಗ ಬಂದು ನಮ್ಮ ಬಾಗಿಲಲ್ಲಿ ನಿಂತರೆ, "ಯಾಕ್ ಮಗಾ ಬಿಸ್ಲಲ್ಲಿ ನಿಂತಿದ್ದೀಯೆ? ಒಳೀಕ್ ಬಾ" ಎಂದು ನಾನೇ ಕರೆಯಬೇಕು.