ಗೊರಗೊರ ನುಡಿಸುತ್ತಿದ್ದ ಚೆಲುವ

ಆಗೆಲ್ಲ ನಮ್ಮ ಶೀಳನೆರೆಯಲ್ಲಿ, ರೇಡಿಯೋ ಇದ್ದ ಮನೆಯ ಹುಡುಗನಿಗೆ ಸಂಗೀತವೂ ಬರುತ್ತದೆ ಎಂದು ಜನ ನಂಬುತ್ತಿದ್ದರು. ಆ ನಂಬಿಕೆಗೆ ಮಣ್ಣು ಹಾಕಿದವನು ನಾನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಸಂಜೆ ಅಪ್ಪನ ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸುವಾಗ ಯಾವುದೋ ಫಾರಿನ್ ಸ್ಟೇಷನ್ನು ಸಿಕ್ಕಿತು. ಯಾರೋ ಗಿಟಾರು ಚಚ್ಚುತ್ತಾ, ಬದುವಿನ ಜಗಳಕ್ಕೆ ನಿಂತವರ ಹಾಗೆ ಕಿರುಚುತ್ತಿದ್ದರು. ಅದಕ್ಕೆ ಪಂಕ್ ಎನ್ನುತ್ತಾರೆ, ಬಾರಿಸುವವರಲ್ಲೂ ಎಷ್ಟೋ ಜನಕ್ಕೆ ಹೆಚ್ಚೇನೂ ಬರುತ್ತಿರಲಿಲ್ಲ ಎಂದು ತಿಳಿದದ್ದು ವರ್ಷಗಳ ಮೇಲೆ. ಬರದವರೂ ಬಾರಿಸಬಹುದು ಎಂಬುದು ಮಾತ್ರ ನನಗೆ ಅಂದೇ ಅರ್ಥವಾಯಿತು.

ಪಕ್ಕದ ಮನೆಯ ಚೆಲುವ, ನಾನು, ಇಬ್ಬರೇ ಸೇರಿ ಬ್ಯಾಂಡು ಕಟ್ಟಿದೆವು. ಆಲೆಮನೆಯ ಹಿಂದೆ, ಕಬ್ಬಿನ ಸಿಪ್ಪೆಯ ರಾಶಿ ಮೇಲೆ, ಬಿಸಿ ಬೆಲ್ಲದ ವಾಸನೆಯಲ್ಲಿ ಅಭ್ಯಾಸ. ನನ್ನದು ತಂತಿ ಹರಿದ ಬುಲ್‌ಬುಲ್ ತರಂಗ ಮತ್ತು ಯಾವ ದೇಶದಲ್ಲೂ ಇಲ್ಲದ ಇಂಗ್ಲಿಷು. ಅವನದು ಸೀಮೆಎಣ್ಣೆ ಡಬ್ಬ. ರೇಡಿಯೋದಲ್ಲಿ ಹಾಡು ಏರಿ, ಇಳಿದು, ನಡುವೆ ಗೊರಗೊರ ಎನ್ನುತ್ತಿತ್ತು. ಸ್ಟೇಷನ್ನು ದೂರದ್ದು, ಅದಕ್ಕೇ ಹಾಗೆ ಎಂದು ಹೊಳೆಯಲು ತಲೆ ಬೇಕಲ್ಲ!

"ಲೇ ಚೆಲುವಾ, ನಾನು ದನಿ ಇಳಿಸ್ದಾಗ ನೀನು ಬಾಯಲ್ಲಿ ಗೊರಗೊರ ಅನ್ಬೇಕು."

"ಯಾಕ್ಲಾ?"

"ಫಾರಿನ್ನಲ್ಲಿ ಅಂಗೇ ಆಡೋದು ಕಣ್ಲಾ."

ನಂಬಿದ. ಬಾಯಿ ನೋಯುವ ತನಕ ಗೊರಗೊರ ಎಂದ.

ಸ್ಕೂಲ್ ಡೇ ದಿನ ಹಾಡಿದೆವು. ಹೆಡ್ಮಾಸ್ಟರು ಮೈಕು ಕೆಟ್ಟಿದೆ ಎಂದು ಎರಡು ಸಲ ವೈರು ಜಗ್ಗಿದರು. ಜನ ಬಿದ್ದು ಬಿದ್ದು ನಕ್ಕರು. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಲೇ ಬಂದು ಚೆಲುವನ ಬೆನ್ನು ತಟ್ಟಿದರು.

"ಅಷ್ಟು ಗದ್ಲದಲ್ಲೂ ಒಂದು ಪೆಟ್ಟು ತಪ್ಪಿಸ್ನಿಲ್ವಲ್ಲಾ! ನಾಳೆಯಿಂದ ತಬಲ ಕಲಿಯಾಕೆ ಬಂದ್ಬುಡು ಮಗ." ಆಮೇಲೆ ನನ್ನ ಕಡೆ ತಿರುಗಿ, "ನೀನು ಮನೇಲೇ ಇರಪ್ಪ," ಎಂದರು.

ಮನೆ ದಾರಿಯಲ್ಲಿ ಚೆಲುವ ಡಬ್ಬ ಅವುಚಿಕೊಂಡು ಕೇಳಿದ: "ಓಗ್ಲೇನ್ಲಾ? ನೀನು ಬ್ಯಾಡ ಅಂದ್ರೆ ಓಗಾಕಿಲ್ಲ."

ಬ್ಯಾಡ ಎನ್ನಬೇಕು ಎನಿಸಿತು. ಬಾಯಿ ಮಾತ್ರ ಎಂದಿನಂತೆ ಕೋಡಂಗಿಯದು. "ಓಗ್ಲಾ ಓಗು! ಡಬ್ಬ ಬಡಿಯಾಕೆ ಸಾವ್ರ ಜನ ಸಿಕ್ತಾರೆ."

ಅವನು ನಗಲಿಲ್ಲ. ಮರುದಿನ ಹೋದ.

ಸಿಪ್ಪೆ ರಾಶಿ ಮೇಲೆ ಒಬ್ಬನೇ ಕೂತು, ಹಾಡುತ್ತಾ ನಡುವೆ ನಾನೇ ಗೊರಗೊರ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ನಗುವುದಕ್ಕೂ ಯಾರೂ ಇರಲಿಲ್ಲ. ಮೇಷ್ಟ್ರ ಜಗಲಿಯಿಂದ ತಬಲ ಕೇಳುತ್ತಿತ್ತು, ದಿನದಿನಕ್ಕೂ ನೆಟ್ಟಗಾಗುತ್ತಾ.

ಸಾವಿರ ಜನ ಸಿಗಲಿಲ್ಲ. ಒಬ್ಬನೂ ಸಿಗಲಿಲ್ಲ.

ಮೊನ್ನೆ ಸಂತೆಬಾಚಹಳ್ಳಿ ಬಸ್‌ಸ್ಟಾಪಿನಲ್ಲಿ ಚೆಲುವ ಎದುರಾದ. ತಬಲ ಜೋಡಿಯನ್ನು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡಿದ್ದ. ಇಡೀ ತಾಲ್ಲೂಕಿನ ನಾಟಕಗಳಿಗೆ ಈಗ ಅವನೇ ಬೇಕು. "ಏನ್ಲಾ" ಎನ್ನುತ್ತಾನೆಂದು ಕಾದೆ. ಅವನು ಕೈ ಮುಗಿದು, "ಚೆನ್ನಾಗಿದ್ದೀರಾ ಸಾರ್?" ಎಂದ.

ನಾನೂ ಕೈ ಮುಗಿದೆ.