ಬಿಸ್ಕತ್ತಿಗೆ ಚಾಚದ ಕೈ

ಶಿರ್ವದ ರೋಸಿ ಗಲ್ಫಿನ ಅಲ್ ನಹ್ದಾದ ನರ್ಸರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಆಯಾ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು ಸಾಲದೆಂದು ಪ್ರತಿ ಮಗುವಿನ ದಿನದ ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆದು ತಾಯಂದಿರ ಮೊಬೈಲಿಗೆ ಕಳಿಸುವುದೂ ಅವಳ ತಲೆಗೇ ಬಂದಿತ್ತು. ಅದಕ್ಕೆಂದೇ ಮ್ಯಾನೇಜರಮ್ಮ ಕಪಾಟಿನ ಬಾಗಿಲಿಗೆ ಒಳ್ಳೊಳ್ಳೆಯ ಮಾತುಗಳ ಪಟ್ಟಿ ಅಂಟಿಸಿದ್ದಳು. ಅದರ ಪ್ರಕಾರ ರಂಪ ಮಾಡುವ ಮಗು 'ಎಕ್ಸ್‌ಪ್ರೆಸಿವ್', ಹೊಡೆಯುವ ಮಗು 'ಎನರ್ಜೆಟಿಕ್'. ಫೀಸು ಕಟ್ಟಿದವರ ಮಕ್ಕಳಿಗೆ ಐಬು ಇರುವುದುಂಟೇ!

ಪಟ್ಟಿಯಲ್ಲಿ ರೋಸಿಗೆ ಬಲು ಇಷ್ಟವಾದದ್ದು 'ಎಂಗ್ರೋಸ್ಡ್'. ಲೋಕ ಮರೆತು ಒಂದರಲ್ಲೇ ಮುಳುಗಿರುವುದು ಎಂದು ಅರ್ಥ ಕೇಳಿ ತಿಳಿದುಕೊಂಡಿದ್ದಳು. ಭಟ್ಕಳದ ಸಫೂರಾಳ ಮಗಳು, ನಾಲ್ಕು ವರ್ಷದ ಮರ್ವಾ, ನೀರಾಟದ ತೊಟ್ಟಿಯ ಮುಂದೆ ನೆಟ್ಟ ನೋಟದಿಂದ ನಿಂತದ್ದನ್ನು ಕಂಡು ಸತತ ಮೂರು ದಿನ ಅದನ್ನೇ ಬರೆದಳು. ಸಫೂರಾ ಮೂರು ಸಲವೂ ಹಾರ್ಟ್ ಕಳಿಸಿದಳು.

ನಾಲ್ಕನೆಯ ದಿನ ಉಸೈದ್ ಎಂಬ ಪೋರ ಇರುವೆಸಾಲಿನ ಮೇಲೆ ಬಗ್ಗಿ ಕೂತಿದ್ದ. "ಬಿಸ್ಕಿಟ್ ಬೇಕಾ?" ಎಂದಳು ರೋಸಿ. ಅವನು ತಲೆ ಎತ್ತದೆಯೇ ಕೈ ಚಾಚಿದ. ನಗುತ್ತಲೇ ಅವಳು ತೊಟ್ಟಿಯ ಬಳಿ ನಿಂತಿದ್ದ ಮರ್ವಾಳ ಮುಂದೆಯೂ ಒಂದು ಹಿಡಿದಳು. ಕೈ ಬರಲಿಲ್ಲ. ಕೈಯಲ್ಲಿದ್ದ ಲೋಟದ ನೀರು ಮಗುವಿನ ಕಾಲ ಮೇಲೇ ಸುರಿಯುತ್ತಿತ್ತು. ರೆಪ್ಪೆ ಪಟಪಟ ಅದುರುತ್ತಿತ್ತು. ಕಣ್ಣು ತೆರೆದಿದ್ದರೂ ನೋಟವಿರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಏನೂ ಆಗದವಳಂತೆ ಮರ್ವಾ "ಬಿಸ್ಕಿಟ್!" ಎಂದು ಕಿತ್ತುಕೊಂಡಳು.

ರೋಸಿ ಇಬ್ಬರನ್ನೂ ಮತ್ತೊಮ್ಮೆ ನೋಡಿದಳು. ಉಸೈದ್ ಇರುವೆಯಲ್ಲಿ ಮುಳುಗಿದ್ದ, ಮರ್ವಾ ಮುಳುಗಿದ್ದು ಯಾವುದರಲ್ಲಿ? ಮೂರು ದಿನ ಕಾಯಿಲೆಗೆ ಶಹಭಾಸ್ ಬರೆದೆನಲ್ಲ ದೇವರೇ!

ಓಡಿಹೋಗಿ ಮ್ಯಾನೇಜರಮ್ಮನಿಗೆ ಹೇಳಿದಳು. "ಯು ಆರ್ ನಾಟ್ ಎ ಡಾಕ್ಟರ್, ರೋಸಿ. ಪೇರೆಂಟ್ಸ್‌ಗೆ ಏನೂ ಬರೆಯಬೇಡ, ಖಲಾಸ್" ಎಂಬ ಉತ್ತರ ಬಂತು. ರೋಸಿಯ ವೀಸಾ ಮುಂದಿನ ವಾರವೇ ರಿನ್ಯೂ ಆಗಬೇಕಿತ್ತು. ಹೋದ ತಿಂಗಳು ಎದುರು ಮಾತಾಡಿದ ಆಯಾ ಈಗ ಊರಲ್ಲಿದ್ದಾಳೆ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಧ್ಯಾಹ್ನ ಬರೆದಳು: ಮರ್ವಾ ಎಂಗ್ರೋಸ್ಡ್ ಆಗಿರಲಿಲ್ಲ, ಮೂರು ದಿನವೂ ನಾನು ಬರೆದದ್ದು ತಪ್ಪು, ಡಾಕ್ಟರಿಗೆ ತೋರಿಸಿ. ಶಿಲುಬೆಯ ಗುರುತು ಹಾಕಿಕೊಂಡು ಕಳಿಸಿಬಿಟ್ಟಳು.

ಈ ಸಲ ಹಾರ್ಟ್ ಬರಲಿಲ್ಲ, ಸಫೂರಾಳೇ ಓಡೋಡಿ ಬಂದಳು.

"ಎಂತ ಟೀಚರ್ ಇದು? ಎಂತ ಆಗಿದೆ ನನ್ನ ಮಗುವಿಗೆ?"

ಗೇಟಿನ ಬಳಿಯೇ ರೋಸಿ ಕಂಡದ್ದನ್ನೆಲ್ಲ ಹೇಳಿದಳು. "ನಂದೇ ತಪ್ಪು ಮೇಡಂ. ನಂಗೆ ಗೊತ್ತಾಗ್ಲಿಲ್ಲ."

ಒಳಗಿನಿಂದ ಮ್ಯಾನೇಜರಮ್ಮ "ರೋಸಿ! ಆಫೀಸಿಗೆ ಬಾ, ಈಗಲೇ!" ಎಂದು ಕೂಗಿದಳು. ರೋಸಿ ಅಲ್ಲಿಂದ ಕದಲಲಿಲ್ಲ.

ಸಫೂರಾ ಮಗಳನ್ನು ಎತ್ತಿಕೊಂಡಳು.

"ಮನೆಯಲ್ಲೂ ಹೀಗೇ ನಿಲ್ತಾಳೆ, ಟೀಚರ್. ನಿಮ್ಮ ರಿಪೋರ್ಟ್ ಓದಿ, ಆಟದಲ್ಲಿ ಮುಳುಗಿದ್ದಾಳೆ, ಕರೆದ್ರೆ ಬೇಕಂತಲೇ ಓಗೊಡುದಿಲ್ಲ ಅಂತ ತಿಳ್ಕೊಂಡೆ." ಅವಳ ಅಂಗೈ ಮಗಳ ಕೆನ್ನೆಯ ಮೇಲೆ ನಿಂತಿತು. "ನಿನ್ನೆ ಹೊಡೆದುಬಿಟ್ಟೆ."